ಆಪರೇಷನ್ನಿಗೆ ಅಕ್ಕ ಬರುತ್ತಾಳೆ

ಸೋಮವಾರ, 12 ಜನವರಿ 1987

ಕಾಲುಚೀಲ ಹಾಕಿಕೊಳ್ಳುವಷ್ಟರಲ್ಲಿ ಕಾಫಿ ಆರಿ ತಣ್ಣಗಾಯಿತು. ಎಡಗಾಲು ಪರವಾಗಿಲ್ಲ. ಬಲಗಾಲು ಎತ್ತಿದರೆ ಸೊಂಟದಿಂದ ಮಂಡಿಯ ಹಿಂದಿನವರೆಗೂ ಚಳುಕು. ಮಂಚದ ಮೇಲೆ ಮಲಗಿಕೊಂಡೇ ಹಾಕಿಕೊಂಡೆ. ಆಮೇಲೆ ಬೆನ್ನುನೋವಿನ ಸೊಂಟಪಟ್ಟಿ. ಇಷ್ಟು ವರ್ಷ 181ನೇ ಬೀದಿಯ ಅಂಗಡಿಯಲ್ಲಿ ಹೆಂಗಸರ ಅಳತೆ ತೆಗೆದು, ಸೊಂಟದ ಒಳಉಡುಪು ಬಿಗಿದು ಕಟ್ಟಿ, "ಉಸಿರು ಬಿಡಿ ಈಗ" ಅನ್ನುತ್ತಿದ್ದವಳು ನಾನು. ಈಗ ಕನ್ನಡಿಯ ಮುಂದೆ ನಿಂತು ನನಗೇ ಹೇಳಿಕೊಳ್ಳಬೇಕು.

ಆಗಸ್ಟ್‌ನಿಂದ ರಜೆ. ನನ್ನ ಸ್ಟೂಲಿನ ಮೇಲೆ ಈಗ ಯಾರೋ ಹುಡುಗಿ ಕೂರುತ್ತಾಳಂತೆ. ಕೂರಲಿ.

ಲಿಫ್ಟ್ ಕೆಟ್ಟಿದೆ. ನಾಲ್ಕು ಮಹಡಿ ಇಳಿದರೆ ಹತ್ತುವವರು ಯಾರು? ಇಳಿಯಲಿಲ್ಲ. ನಿನ್ನೆಯ ಆಲೂಗಡ್ಡೆ, ಒಂದು ತುಂಡು ಉಪ್ಪುಮೀನು. ಕಿಟಕಿಯಲ್ಲಿ ಸೇತುವೆ ನೋಡುತ್ತಾ ತಿಂದೆ.

ಇಡೀ ದಿನ ಯಾರ ಜೊತೆಯೂ ಮಾತಿಲ್ಲ. ಇದು ದೂರಲ್ಲ ಅಂತ ಬರೆಯಹೊರಟೆ... ದೂರೇ.

ಭಾನುವಾರ, 18 ಜನವರಿ

ಇರ್ಮಾ ಫೋನ್ ಮಾಡಿದಳು. ಭಾನುವಾರ ಐದರೊಳಗೆ, ದರ ಕಡಿಮೆ ಇರುವಾಗ. ನನ್ನ ಅಕ್ಕ ಮದುವೆಯಾದದ್ದು ಅರವತ್ತೊಂದನೇ ವಯಸ್ಸಿನಲ್ಲಿ. ಗಂಡ ನಾರ್ಬರ್ಟ್, ಹೆಂಡತಿ ತೀರಿಕೊಂಡವರು, ನಮ್ಮ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಪರಿಚಯ. ಮದುವೆಯಾದ ತಿಂಗಳಿಗೇ ಮಯಾಮಿಗೆ ಹೊರಟರು. ಅವರ ಎದೆಗೆ ಬೆಚ್ಚನೆ ಹವೆ ಬೇಕಂತೆ. ಮೂರು ವರ್ಷವಾಯಿತು. ಈ ಮನೆಯಲ್ಲಿ ಅಮ್ಮ ಇದ್ದಾಗ ಮೂವರು, ಅಮ್ಮ ಹೋದ ಮೇಲೆ ಇಬ್ಬರು, ಈಗ ನಾನು.

"ಬೆನ್ನು ಹೇಗಿದೆ?"

"ಸರ್ಜನ್ ದಿನ ಕೊಟ್ಟರು. ಏಪ್ರಿಲ್ ಆರು. ಡಿಸ್ಕ್ ತೆಗೆದು ಎರಡು ಮೂಳೆ ಬೆಸೀತಾರಂತೆ."

"ಅಯ್ಯೋ ದೇವರೇ. ಆಮೇಲೆ?"

"ಆಮೇಲೆ ಆರು ವಾರ ಏಳೋ ಹಾಗಿಲ್ಲ. ಜೊತೆಗೆ ಯಾರಾದರೂ ಇರಲೇಬೇಕಂತೆ. ನರ್ಸ್ ಇಟ್ಕೊತೀನಿ ಬಿಡು."

ಆ ಕಡೆ ಟಿವಿ ಸದ್ದು. ನಾರ್ಬರ್ಟ್ ಏನೋ ಕೇಳಿದರು, ಇವಳು "ಶ್!" ಅಂದಳು.

"ನರ್ಸ್ ಯಾಕೆ? ನಾನಿಲ್ವಾ? ಬರ್ತೀನಿ."

"ನಡುವೆ ಪಸ್ಕ ಹಬ್ಬ ಬರುತ್ತಲ್ಲ ಅಕ್ಕ."

"ಬರಲಿ. ನಾವಿಬ್ಬರೇ ಅಲ್ಲೇ ಮಾಡೋಣ. ನಿಮ್ಮ ಭಾವ ವರ್ಷವೂ ಹಬ್ಬಕ್ಕೆ ಹೋಗೋ ಹೋಟೆಲಲ್ಲೇ ಸ್ನೇಹಿತರ ಜೊತೆ ಮಾಡ್ಕೊಳ್ಳಲಿ, ಅಲ್ಲಿ ಅಡುಗೆಯೋರು ಇರ್ತಾರೆ."

ಫೋನ್ ಇಟ್ಟೆ. ಬೆನ್ನು ನೋಯದಿದ್ದರೆ ಕುಣಿಯುತ್ತಿದ್ದೆ. ಇರ್ಮಾಳ ಕೋಣೆಗೆ ಹೋಗಿ ಕಿಟಕಿ ತೆಗೆದು ಗಾಳಿ ಆಡಿಸಿದೆ. ಈ ಚಳಿಯಲ್ಲಿ!

ಗುರುವಾರ, 22 ಜನವರಿ

ಹಿಮ. ಬೀದಿಯಲ್ಲಿ ಒಂದು ಕಾರೂ ಇಲ್ಲ. ಇನ್ಶೂರೆನ್ಸಿನ ಹೆಂಗಸು ಫೋನಿನಲ್ಲಿ: ಬೆನ್ನಿನ ಆಪರೇಷನ್ ಅಂದರೆ ಎರಡನೇ ಡಾಕ್ಟರನ್ನು ಕಾಣಲೇಬೇಕು, ಇಲ್ಲದಿದ್ದರೆ ದುಡ್ಡು ಬರೋದಿಲ್ಲ. ಆ ಡಾಕ್ಟರು ಬೇಡ ಅಂದರೆ? ಅಂದರೂ ಪರವಾಗಿಲ್ಲವಂತೆ, ಕಂಡದ್ದಾಗಬೇಕು ಅಷ್ಟೇ. ಎಂಥಾ ನಿಯಮವೋ. ಡಾ. ಕ್ವಿನ್ಲನ್ ಅಂತ ಹೆಸರು ಕೊಟ್ಟಳು. ಇವರೇ ಯಾಕೆ? "ಫೆಬ್ರವರಿಯಲ್ಲಿ ಖಾಲಿ ಇರೋರು ಇವರೊಬ್ಬರೇ ಮೇಡಂ."

ಖಾಲಿ ಇರುವ ಡಾಕ್ಟರು. ಅಲ್ಲೇ ಗೊತ್ತಾಗಬೇಕಿತ್ತು.

ಮಂಗಳವಾರ, 3 ಫೆಬ್ರವರಿ

ಮೈಯೆಲ್ಲ ಉರಿಯುತ್ತಿದೆ. ಬೆನ್ನುನೋವಿಗಲ್ಲ, ಸಿಟ್ಟಿಗೆ.

ಡಾ. ಕ್ವಿನ್ಲನ್ ಕುಳ್ಳ ಮನುಷ್ಯ, ಬೋ ಟೈ, ಕಿವಿಯಲ್ಲಿ ಕೂದಲು. ಎಕ್ಸ್‌ರೇ ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿ ಮೇಜಿನ ಮೇಲೆ ಎಸೆದರು. ಆಮೇಲೆ ಬೆರಳಿನಿಂದ ಒತ್ತಿದರು. ಕತ್ತಿನ ಬುಡ, ಸೊಂಟ, ಪಿರ್ರೆ. ಒತ್ತಿದ ಕಡೆಯೆಲ್ಲ ಪ್ರಾಣ ಹೋದಂತಾಯಿತು. ಅವರಿಗೆ ಅದರಿಂದ ಖುಷಿ!

"ಡಿಸ್ಕ್ ಜಾರಿರೋದು ನಿಜ. ನಿಮ್ಮ ವಯಸ್ಸಲ್ಲಿ ಈ ಊರಿನ ಅರ್ಧ ಜನರದ್ದು ಜಾರಿದೆ. ಅವರೆಲ್ಲ ಬಸ್ ಹಿಡಿಯೋಕೆ ಓಡ್ತಿದಾರೆ. ಇದು ಡಿಸ್ಕಿನ ನೋವಲ್ಲ ಮಿಸ್ ಅಡ್ಲರ್. ಒಳಗೆ ಏನನ್ನೋ ಬಿಗಿಹಿಡಿದಿದೀರಿ. ಮನಸ್ಸು ಅದನ್ನ ನೋಡೋಕೆ ಒಲ್ಲೆ ಅನ್ನುತ್ತೆ. ನಿಮ್ಮ ಗಮನ ಆ ಕಡೆ ಹೋಗದಿರಲಿ ಅಂತ ಸ್ನಾಯುಗೆ ರಕ್ತ ಕಮ್ಮಿ ಮಾಡಿ ನೋವು ಕೊಡುತ್ತೆ."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತಲಾ?"

"ನಾನು ಹಾಗಂದ್ನಾ? ನೋವು ಪೂರ್ತಿ ನಿಜ. ಕಾರಣ ಬೇರೆ ಅಂದೆ."

"ಹುಚ್ಚಿ ಅಂತ ಅಂದ್ಕೊಂಡಿದೀರಿ."

"ಹುಚ್ಚರಿಗೆ ಬೆನ್ನು ನೋಯೋದು ಕಮ್ಮಿ. ಒಳ್ಳೆಯೋರಿಗೇ ಜಾಸ್ತಿ." ನಕ್ಕರು. ಆಮೇಲೆ ಕೇಳಿದರು: "ನೋವು ಶುರುವಾಗೋ ಹಿಂದಿನ ವರ್ಷ ಏನಾಯ್ತು?"

ಏನೂ ಆಗಲಿಲ್ಲ ಅಂದೆ. ಅಂಗಡಿ ಬದಲಾಯಿತು. ಬಾಯ್ಲರ್ ಒಡೆಯಿತು. ಅಕ್ಕನ ಮದುವೆ ಆಯಿತು, ಅದು ಸಂತೋಷದ ವಿಷಯ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಸಂತೋಷ ಆಯ್ತಾ?" "ಆಗದೆ?" ಅಂದೆ.

ಸೊಂಟಪಟ್ಟಿ ಎಸೆಯಬೇಕಂತೆ. ಬಿಸಿನೀರ ಚೀಲ, ಮಸಾಜು, ಗಟ್ಟಿ ಹಲಗೆ ಎಲ್ಲ ಬಿಡಬೇಕಂತೆ. ಬಗ್ಗಬೇಕಂತೆ, ಎತ್ತಬೇಕಂತೆ. ನೋವು ಬಂದಾಗಲೆಲ್ಲ ಬೆನ್ನಿನ ಯೋಚನೆ ಬಿಟ್ಟು "ನನಗೆ ಯಾರ ಮೇಲೆ ಸಿಟ್ಟು?" ಅಂತ ಕೇಳಿಕೊಳ್ಳಬೇಕಂತೆ. ಗುರುವಾರಗಳಂದು ಭಾಷಣ ಇರುತ್ತದಂತೆ, ಬರಬೇಕಂತೆ.

ನಿಮ್ಮ ಮೇಲೇ ಸಿಟ್ಟು ಅಂತ ಹೇಳದೆ ಎದ್ದು ಬಂದೆ.

ಗುರುವಾರ, 5 ಫೆಬ್ರವರಿ

ಮೂರನೇ ಮಹಡಿಯ ನುಸ್‌ಬೌಮ್ ಮೆಟ್ಟಿಲಲ್ಲಿ ಹಿಡಿದುಕೊಂಡಳು. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ನನ್ನ ಸರ್ಜನ್ನೇ ಅವಳ ಬೆನ್ನು ಕೊಯ್ದದ್ದು. ಆ ಗಾಯದ ಗುರುತು ನೋಡದ ಹೆಂಗಸು ಈ ಕಟ್ಟಡದಲ್ಲಿಲ್ಲ.

"ತಲೇಲಿರೋ ನೋವಂತಾ? ಹಾಗಾದ್ರೆ ತಲೆಗೆ ಪಟ್ಟಿ ಕಟ್ಕೊಂಡ್ರೆ ಸಾಕಲ್ಲ, ಆಪರೇಷನ್ ಯಾಕೆ! ನೋಡು ಟ್ರೂಡ, ನನ್ನ ಬೆನ್ನಲ್ಲಿ ನಾಲ್ಕು ಮೊಳೆ ಇದಾವೆ. ನಾಲ್ಕೂ ನನ್ನ ಮನಸ್ಸಲ್ಲಿರೋದಾ?"

"ಈಗ ನೋವು ಹೋಗಿದೆಯಾ ನಿಮಗೆ?"

"ಹೋಗಿದೆ! ಕೂತಾಗ, ನಿಂತಾಗ, ಮಳೆ ಬಂದಾಗ ಬಿಟ್ರೆ."

ಮನೆಗೆ ಬಂದು ನಕ್ಕೆ. ನಗುವಾಗಲೂ ಚಳುಕು.

ಗುರುವಾರ, 19 ಫೆಬ್ರವರಿ

ಯಾಕೆ ಹೋದೆ ಗೊತ್ತಿಲ್ಲ. ಮನೆಯಲ್ಲಿ ಕೂತು ಬೇಜಾರಾಗಿತ್ತು, ಅಷ್ಟೇ. ಭಾಷಣ ಕೇಳಲು ಒಂದು ಹಜಾರ ತುಂಬ ಜನ. ಎಲ್ಲರ ಕೈಯಲ್ಲೂ ದಿಂಬು. ದಿಂಬುಗಳನ್ನು ಬಾಗಿಲ ಬಳಿಯೇ ಬಿಟ್ಟು ಬರಬೇಕಂತೆ. ಬಿಟ್ಟೆವು. ಬಾಗಿಲ ಬಳಿ ದಿಂಬಿನ ಗುಡ್ಡೆ.

ಕ್ವಿನ್ಲನ್ ಮಾತಾಡಿದರು. ಹಿಂದಿನ ಸಾಲಿನಲ್ಲಿ ಬೇರೆ ಆಸ್ಪತ್ರೆಯ ಯುವ ಡಾಕ್ಟರೊಬ್ಬ ಎದ್ದು, "ಇದಕ್ಕೆಲ್ಲ ಪುರಾವೆ ಎಲ್ಲಿ? ಒಂದಾದರೂ ಸರಿಯಾದ ಪರೀಕ್ಷೆ ಮಾಡಿದೀರಾ?" ಅಂದ. ಒಳ್ಳೆಯ ಪ್ರಶ್ನೆ. ಕ್ವಿನ್ಲನ್ ಕೆಂಪಗಾದರು. "ನನ್ನ ರೋಗಿಗಳು ನಡೀತಿದಾರೆ, ಅದೇ ಪುರಾವೆ" ಅಂದರು. ಅದು ಉತ್ತರವೇ? ಗುಣವಾಗದವರು ಇಲ್ಲಿಗೆ ಮತ್ತೆ ಬಂದು ಕೂರುತ್ತಾರೆಯೇ? ಅದನ್ನು ಕೇಳಬೇಕೆಂದಿದ್ದೆ.

ಆದರೂ ಮರದ ಕುರ್ಚಿಯ ಮೇಲೆ ಒಂದೂವರೆ ಗಂಟೆ ಕೂತೆ. ದಿಂಬಿಲ್ಲದೆ. ರೈಲಿನಲ್ಲಿ ಬರುವಾಗ ನೆನಪಾಯಿತು, ದಿಂಬು ಅಲ್ಲೇ ಬಿಟ್ಟುಬಂದಿದ್ದೇನೆ.

ಬುಧವಾರ, 25 ಫೆಬ್ರವರಿ

ಪಟ್ಟಿ ಕಟ್ಟದೆ ಪಾರ್ಕಿನವರೆಗೆ ನಡೆದೆ. ಹೆಜ್ಜೆ ಹೆಜ್ಜೆಗೂ ಕೇಳಿಕೊಂಡೆ, ಯಾರ ಮೇಲೆ ಸಿಟ್ಟು? ಮನೆ ಮಾಲೀಕನ ಮೇಲೆ, ಲಿಫ್ಟಿಗಾಗಿ. ನೋವು ಹೋಗಲಿಲ್ಲ. ಅಂಗಡಿಯ ಹುಡುಗಿಯ ಮೇಲೆ. ಹೋಗಲಿಲ್ಲ. ನುಸ್‌ಬೌಮ್ ಮೇಲೆ? ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರುಸೊತ್ತು ಬೇಕು. ತೀರಿಹೋದ ಅಮ್ಮನ ಮೇಲೂ ಪ್ರಯತ್ನಪಟ್ಟೆ, ದೇವರು ಕ್ಷಮಿಸಲಿ.

ಬೆಂಚಿನ ಮೇಲೆ ಕೂತಿದ್ದ ಮುದುಕರು ನನ್ನ ತುಟಿ ಅಲ್ಲಾಡುವುದನ್ನು ನೋಡುತ್ತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು.

ಸೋಮವಾರ, 2 ಮಾರ್ಚ್

ಬರೆದುಬಿಡುತ್ತೇನೆ.

ನಿನ್ನೆ ಇರ್ಮಾ ಫೋನಿನಲ್ಲಿ ಎಂದಿನಂತೆ ಬೆನ್ನು ವಿಚಾರಿಸಿದಳು. ಆಮೇಲೆ ಹೇಳಿದಳು, ಮನೆಯ ಹಿಂದಿನ ಕೋಣೆಗೆ ಹಸಿರು ಪರದೆ ಹಾಕಿಸಿದ್ದಾಳಂತೆ, ಅತಿಥಿಗಳಿಗೆ. ನಾರ್ಬರ್ಟ್‌ನ ಮಗಳು ಕ್ರಿಸ್‌ಮಸ್ ರಜೆಗೆ ಬಂದು ಎರಡು ವಾರ ಇದ್ದಳಂತೆ. ಎಷ್ಟು ಒಳ್ಳೆಯ ಹುಡುಗಿ ಗೊತ್ತಾ, ಅಂದಳು. ನನಗೆ ಆ ಕೋಣೆ ಇರುವುದೇ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಬಾ ಅಂದಿಲ್ಲ.

ಪಾತ್ರೆ ತೊಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟೆ. ನಲ್ಲಿ ಬಿಟ್ಟು, ಯಾರಿಗೂ ಕೇಳಿಸದ ಹಾಗೆ, ಜರ್ಮನ್ ಭಾಷೆಯಲ್ಲಿ ಬೈದೆ. ಅಕ್ಕನನ್ನು! ನಮ್ಮ ಅಪ್ಪ ಕುದುರೆಗೆ ಬೈಯುತ್ತಿದ್ದ ಮಾತುಗಳು ಎಲ್ಲಿ ಅಡಗಿದ್ದವೋ. ಹೋದವಳೇ, ಬಿಟ್ಟುಹೋದವಳೇ, ಒಂದು ಮಾತು ಕೇಳದೆ ಹೋದವಳೇ. ಅಳು ಬಂತು. ಆಮೇಲೆ ತುಂಬ ನಾಚಿಕೆಯಾಯಿತು. ಮಲಗಿದೆ.

ಇವತ್ತು ಬೆಳಿಗ್ಗೆ ರೈಲು ಹತ್ತುವ ಹೊತ್ತಿಗೆ ಗಮನಕ್ಕೆ ಬಂತು. ಕಾಲುಚೀಲ ಯಾವಾಗ ಹಾಕಿಕೊಂಡೆ?

ನೆನಪೇ ಇಲ್ಲ.

ಗುರುವಾರ, 5 ಮಾರ್ಚ್

ನೋವಿಲ್ಲ. ಹವೆ ಬೆಚ್ಚಗಾಗಿದೆ, ಅದಕ್ಕಿರಬಹುದು. ನಡೆದದ್ದಕ್ಕಿರಬಹುದು. ತಾನಾಗೇ ಹೋಗುವ ನೋವೂ ಇರುತ್ತದೆ. ಕ್ವಿನ್ಲನ್‌ಗೆ ಅಷ್ಟು ಸುಲಭವಾಗಿ ಗೆದ್ದೆ ಅಂದುಕೊಳ್ಳುವುದಕ್ಕೆ ಬಿಡುವುದಿಲ್ಲ.

ಆದರೆ ಹೋಗಿದೆ! ಮೀನು, ಹಾಲು, ಐದು ಪೌಂಡ್ ಆಲೂಗಡ್ಡೆ ಹೊತ್ತುಕೊಂಡು ಬಂದೆ. ಲಿಫ್ಟ್ ಸರಿಹೋಗಿದ್ದರೂ ಮೆಟ್ಟಿಲು ಹತ್ತಿದೆ. ಇರ್ಮಾಗೆ ಈಗಲೇ ಫೋನ್ ಮಾಡಿ ಹೇಳಬೇಕು ಅಂತ ನಂಬರ್ ತಿರುಗಿಸಿದೆ, ದರ ಜಾಸ್ತಿಯಾದರೆ ಆಗಲಿ ಅಂತ.

ಪೂರ್ತಿ ತಿರುಗಿಸಲಿಲ್ಲ. ಹೇಳಿದರೆ ಅವಳು ಬರುವುದಿಲ್ಲ.

ಭಾನುವಾರ, 8 ಮಾರ್ಚ್

"ಬೆನ್ನು?"

"ಹಾಗೇ ಇದೆ."

ಎಷ್ಟು ಸಲೀಸಾಗಿ ಬಂತು ಮಾತು.

"ಇನ್ನೊಂದು ತಿಂಗಳು ತಡ್ಕೋ ಮರಿ. ಟಿಕೆಟ್ ತಗೊಂಡಿದೀನಿ. ಏಪ್ರಿಲ್ ಎರಡಕ್ಕೆ ಬಂದ್ರೆ ಮೇ ಮಧ್ಯದವರೆಗೂ ಅಲ್ಲೇ. ನಿನಗೇನು ಬೇಕು ತಿನ್ನೋಕೆ, ಹೇಳು."

ಮರಿ ಅಂದಳು. ಅಮ್ಮ ಸತ್ತ ವರ್ಷ ಅಂದದ್ದು ಬಿಟ್ಟರೆ ಈಗಲೇ.

ಮಂಗಳವಾರ, 17 ಮಾರ್ಚ್

ಕ್ವಿನ್ಲನ್ ಬಗ್ಗಲು ಹೇಳಿದರು. ಬಗ್ಗಿದೆ. ಚಪ್ಪಾಳೆ ತಟ್ಟಿದರು, ಎಳೆಮಗುವಿಗೆ ತಟ್ಟುವಂತೆ.

"ಆಪರೇಷನ್ ಕ್ಯಾನ್ಸಲ್ ಮಾಡಿಸಿದ್ರಾ?"

"ಮಾಡಿಸಿದೆ."

"ಯಾರ ಮೇಲೆ ಸಿಟ್ಟು ಅಂತ ಸಿಕ್ತಾ?"

"ಅದು ನಿಮಗ್ಯಾಕೆ ಡಾಕ್ಟ್ರೇ?"

"ನನಗೆ ಬೇಡ. ಅವರಿಗೆ ಗೊತ್ತಾ ಅಂತ ಕೇಳ್ದೆ."

ಕೈಚೀಲ ಎತ್ತಿಕೊಂಡು ಎದ್ದೆ. ಕೋಟು ತೊಡಿಸಲು ಬಂದರು. ಬಾಗಿಲಲ್ಲಿ, ಇದ್ದಕ್ಕಿದ್ದಂತೆ ಮೆಲ್ಲಗೆ: "ಕೆಲವರಿಗೆ ನೋವು ಹೋದ ಮೇಲೆ ಮನೆ ಖಾಲಿ ಅನ್ಸುತ್ತೆ. ಹಾಗನ್ಸಿದ್ರೆ ಬನ್ನಿ." ಈ ಮನುಷ್ಯನಿಗೆ ಅಷ್ಟು ಗೊತ್ತಾಗಬಾರದಿತ್ತು.

ಸರ್ಜನ್ನಿನ ಆಫೀಸಿನಿಂದ ಸಂಜೆ ಫೋನ್. ರಕ್ತ ಪರೀಕ್ಷೆಗೆ ಯಾವಾಗ ಬರುತ್ತೀರಿ? ಶುಕ್ರವಾರ ಬರುತ್ತೇನೆ ಅಂದೆ.

ಭಾನುವಾರ, 22 ಮಾರ್ಚ್

ಮೊನ್ನೆ ಶುಕ್ರವಾರ ರಕ್ತ ಕೊಟ್ಟುಬಂದೆ. ಸರ್ಜನ್ ಕಾಲೆತ್ತಿಸಿ ನೋಡಿದರು. "ಅಯ್ಯೋ" ಅಂದೆ. ಕಾಲು ಎಷ್ಟು ಎತ್ತರಕ್ಕೆ ಬಂದಾಗ ಅನ್ನಬೇಕು ಅಂತ ನನಗೆ ಗೊತ್ತಲ್ಲ.

ಮಲಗಿಕೊಂಡು ಯೋಚಿಸಿದೆ. ಆರು ವಾರ. ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಇರ್ಮಾ ಕೆಮ್ಮುವ ಸದ್ದು. ಅವಳು ಕಾಫಿ ತರುತ್ತಾಳೆ, ಸಕ್ಕರೆ ಜಾಸ್ತಿ ಹಾಕಿ. ಪತ್ರಿಕೆಯ ಸಾವಿನ ಸುದ್ದಿ ಓದಿ ಹೇಳುತ್ತಾಳೆ, "ಇವಳೂ ಹೋದಳಾ!" ಅಂತ. ಇಬ್ಬರೂ ಜಗಳ ಆಡುತ್ತೇವೆ, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ. ಇಷ್ಟಕ್ಕೆ ಬೆನ್ನಿನಲ್ಲಿ ಒಂದು ಗಾಯವಾದರೇನು? ನುಸ್‌ಬೌಮ್ ಬದುಕಿಲ್ಲವೇ?

ಬರೆದದ್ದನ್ನು ಓದಿದರೆ ನನಗೇ ಭಯವಾಗುತ್ತದೆ. ಆದರೆ ಹೊಡೆದುಹಾಕುವುದಿಲ್ಲ. ಹಾಗೇ ಅನ್ನಿಸಿದ್ದು.

ಸೋಮವಾರ, 30 ಮಾರ್ಚ್

ಸುಸ್ತು. ಒಳ್ಳೆಯ ಸುಸ್ತು.

ಹಬ್ಬ ಹದಿಮೂರರ ಸಂಜೆ. ಮನೆಯಲ್ಲಿ ಹುಳಿಹಿಟ್ಟಿನ ಒಂದು ಚೂರೂ ಇರಬಾರದು. ನಾನು ಆಸ್ಪತ್ರೆಯಲ್ಲಿ ಬಿದ್ದುಕೊಂಡು, ಅರವತ್ತನಾಲ್ಕು ವರ್ಷದ ಇರ್ಮಾ ಒಬ್ಬಳೇ ಮಂಡಿಯೂರಿ ಈ ಮನೆ ತಿಕ್ಕುವುದೇ? ಅದು ಹೇಗೆ ಬಿಡಲಿ. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು. ಸ್ವಲ್ಪ ಮಾಡೋಣ ಅಂತ ಶುರುಮಾಡಿದೆ. ಕಪಾಟಿನ ಕಾಗದ ಬದಲಿಸಿದೆ. ಆಮೇಲೆ ಫ್ರಿಜ್. ಆಮೇಲೆ ಒಲೆಯನ್ನು ಗೋಡೆಯಿಂದ ಎಳೆದು ಹಿಂಭಾಗ ಉಜ್ಜಿದೆ. ಹಾಸಿಗೆ ಎತ್ತಿ ಬಡಿದೆ. ಕೊನೆಗೆ ಏಣಿ ಹಾಕಿ ಅಟ್ಟದಿಂದ ಹಬ್ಬದ ಪಿಂಗಾಣಿಯ ಎರಡು ಪೆಟ್ಟಿಗೆ ಇಳಿಸಿದೆ. ಮಾಂಸದ ಊಟಕ್ಕೆ ಒಂದು, ಹಾಲಿನದಕ್ಕೆ ಒಂದು, ಎರಡೂ ಬೆರೆಯುವ ಹಾಗಿಲ್ಲ. ತೊಳೆದು ಜೋಡಿಸಿದೆ.

ಇಡೀ ಮನೆ ಸೋಪಿನ ವಾಸನೆ. ಹಾಡಿಕೊಂಡೆ ಕೂಡ.

ಗುರುವಾರ, 2 ಏಪ್ರಿಲ್, ರಾತ್ರಿ

ಇರ್ಮಾ ಬಂದಳು. ಕಪ್ಪಗಾಗಿದ್ದಾಳೆ. ಕೂದಲಿಗೆ ಬಣ್ಣ. ತಬ್ಬಿಕೊಳ್ಳುವಾಗ ಬೆನ್ನಿಗೆ ಕೈ ತಾಗೀತು ಅಂತ ಭುಜವನ್ನಷ್ಟೇ ಹಿಡಿದಳು, ಮೆತ್ತಗೆ. ನಾನು ಪಟ್ಟಿ ಕಟ್ಟಿಕೊಂಡು, ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದೆ. ಚೆನ್ನಾಗೇ ನಿಂತಿದ್ದೆ.

"ನೀನು ಕೂತ್ಕೋ, ಕಾಫಿ ನಾನು ಮಾಡ್ತೀನಿ" ಅಂತ ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ಹೋದಳು. ಸದ್ದಿಲ್ಲ. ಕಪಾಟಿನ ಬಾಗಿಲು ತೆಗೆದದ್ದಷ್ಟೇ ಕೇಳಿಸಿತು. ಅಲ್ಲಿಯವರೆಗೂ, ದೇವರಾಣೆ, ನನಗೆ ಹೊಳೆದೇ ಇರಲಿಲ್ಲ.

"ಟ್ರೂಡ. ಹಬ್ಬದ ಪಾತ್ರೆ ಇಳಿಸಿದ್ಯಾರು?"

"ನುಸ್‌ಬೌಮ್..."

"ಅವಳು ಏಣಿ ಹತ್ತಿದಳಾ?"

"ಲಿಫ್ಟ್ ರಿಪೇರಿಯವನು ಬಂದಿದ್ದ. ಅವನೇ..."

"ಒಲೆ ಹಿಂದೆ ಹಲ್ಲುಜ್ಜೋ ಬ್ರಷ್ ಹಾಕಿ ಉಜ್ಜಿದ್ದೂ ಅವನೇನಾ? ಆ ಮೂಲೆ ಹಾಗೆ ಉಜ್ಜೋಳು ಈ ಭೂಮಿ ಮೇಲೆ ಒಬ್ಬಳೇ ಇರೋದು." ಬಾಗಿಲಿಗೆ ಬಂದು ನಿಂತಳು. "ಎದ್ದೇಳು. ಬಗ್ಗು."

"ಅಕ್ಕ—"

"ಬಗ್ಗು ಅಂದೆ."

ಪಟ್ಟಿ ಬಿಚ್ಚಿಟ್ಟು ಬಗ್ಗಿದೆ. ಅಂಗೈ ನೆಲಕ್ಕೆ ತಾಗಿತು.

ಇರ್ಮಾ ತನ್ನ ಪೆಟ್ಟಿಗೆಯ ಮೇಲೇ ಕುಸಿದು ಕೂತಳು. ಯಾವಾಗಿನಿಂದ ಅಂದಳು. ಹೇಳಿದೆ. ಕ್ವಿನ್ಲನ್, ಭಾಷಣ, ದಿಂಬು, ಎಲ್ಲ. ಹಸಿರು ಪರದೆಯ ರಾತ್ರಿಯೊಂದನ್ನು ಬಿಟ್ಟೆ.

"ಸೋಮವಾರ ಬೆಳಿಗ್ಗೆ ಕೊಯ್ಸಿಕೊಳ್ಳೋಳಿದ್ದೆಯಾ? ನೋವಿಲ್ಲದ ಬೆನ್ನನ್ನ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನೇ!"

"ನೀನು ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಲ್ಲ. ಅಲ್ಲಿವರೆಗೆ ಯೋಚಿಸಿದ್ದೆ. ಆಮೇಲಿಂದು ಯೋಚಿಸಿರಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈಗ ಗೋಡೆಯ ಆಚೆ ಕೆಮ್ಮುತ್ತಿದ್ದಾಳೆ. ಇದೇ ಸದ್ದಿಗೆ ಕಾದಿದ್ದೆ.

ಶುಕ್ರವಾರ, 3 ಏಪ್ರಿಲ್, ವಾರದ ಸಬ್ಬತ್ ವಿಶ್ರಾಂತಿಗೆ ಮೊದಲು

ಬೆಳಿಗ್ಗೆ ಅವಳೇ ಸರ್ಜನ್ನಿನ ಆಫೀಸಿಗೆ ಫೋನ್ ಮಾಡಿ ಆಪರೇಷನ್ ಬೇಡ ಅಂದಳು. ಕಾರಣ ಕೇಳಿದರು. "ನನ್ನ ತಂಗಿಗೆ ಬುದ್ಧಿ ಇಲ್ಲ, ಬೆನ್ನಿದೆ" ಅಂದು ಇಟ್ಟಳು. ಇಬ್ಬರಿಗೂ ನಗು ಬಂತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಾರಿಗೆ ಕ್ಯಾರೆಟ್ ಹೆಚ್ಚುತ್ತಾ ಕೂತೆವು. ಧೈರ್ಯ ಮಾಡಿ ಕೇಳಿದೆ.

"ಬೆನ್ನು ಗಿನ್ನು ಏನೂ ಇಲ್ಲ, ಸುಮ್ಮನೆ ಬಾ ಅಂತ ಕರೆದಿದ್ರೆ ಬರ್ತಿದ್ದೆಯಾ?"

ಇರ್ಮಾ ಸುಳ್ಳು ಹೇಳುವವಳಲ್ಲ. ಒಂದು ಕ್ಯಾರೆಟ್ ಪೂರ್ತಿ ಹೆಚ್ಚಿ ಮುಗಿಸಿದಳು.

"ಇಲ್ಲ. ಬರ್ತಿರಲಿಲ್ಲ."

"ಅಲ್ಲಿಗೆ ಬಾ ಅಂತಲೂ ಕರೀಲಿಲ್ಲ."

"ಕರೀಲಿಲ್ಲ." ಚಾಕು ಕೆಳಗಿಟ್ಟಳು. "ಹೆದರಿಕೆ ಕಣೇ. ಅರವತ್ತು ವರ್ಷ ಅಮ್ಮ, ನೀನು, ಈ ಅಡುಗೆಮನೆ. ಅರವತ್ತೊಂದಕ್ಕೆ ಹೇಗೋ ಬಾಗಿಲು ತೆಗೆದು ಹೊರಗೆ ಹೋದೆ. ನಿನ್ನ ಮುಖ ನೋಡಿದ್ರೆ ವಾಪಸ್ ಬಂದುಬಿಡ್ತೀನಿ ಅನ್ನೋ ಹೆದರಿಕೆ. ಬೆನ್ನು ಅಂದ್ರೆ ಕೇಳೋಕೆ ಸುಲಭ. ಬೆನ್ನು ಹೇಗಿದೆ ಅಂತ ಕೇಳಿದ್ರೆ ನೀನು ಹೇಗಿದೀಯ ಅಂತ ಕೇಳೋದು ತಪ್ಪುತ್ತೆ."

ನನ್ನ ಕಣ್ಣು ತುಂಬಿತು.

"ನಿನ್ನ ಮೇಲೆ ಸಿಟ್ಟು ನನಗೆ" ಅಂದೆ. "ಮೂರು ವರ್ಷದಿಂದ. ನಲ್ಲಿ ಬಿಟ್ಕೊಂಡು ಬೈದಿದೀನಿ ನಿನ್ನ. ಅಪ್ಪ ಕುದುರೆಗೆ ಬೈತಿದ್ದ ಹಾಗೆ."

"ಯಾವ ಮಾತು?"

ಹೇಳಿದೆ. ಅವಳು ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. "ಸರಿ. ಇಂಥದ್ದಕ್ಕೆ ಬೆನ್ನು ಕೊಯ್ಸಿಕೊಳ್ಳೋದಲ್ಲ, ಫೋನ್ ಮಾಡಿ ಬೈಯ್ಬೇಕು. ಈಗ ಆ ಈರುಳ್ಳಿ ಕೊಡು, ಹೊತ್ತಾಯ್ತು."

ಭಾನುವಾರ, 5 ಏಪ್ರಿಲ್

ಬೇಸಿಗೆಯ ವೇಳೆಗೆ ಎಲ್ಲರೂ ಗಡಿಯಾರ ಒಂದು ಗಂಟೆ ಮುಂದಿಟ್ಟದ್ದು ಇವತ್ತೇ. ಇರುವ ದಿನದಲ್ಲೂ ಒಂದು ಗಂಟೆ ಹೋಯಿತು.

ಮಧ್ಯಾಹ್ನ ನಾರ್ಬರ್ಟ್ ಫೋನ್ ಮಾಡಿದರು. ಆಪರೇಷನ್ ಇಲ್ಲ ಅಂದಮೇಲೆ ಹಬ್ಬಕ್ಕೆ ವಾಪಸ್ ಬಾ ಅಂದರು. ಹೋಟೆಲಿನಲ್ಲಿ ಅವಳ ಜಾಗ ಅವರು ಬಿಟ್ಟುಕೊಟ್ಟೇ ಇರಲಿಲ್ಲವಂತೆ. ಈ ಮನುಷ್ಯ ನನ್ನ ಆಪರೇಷನ್ನನ್ನು ಜನವರಿಯಿಂದಲೂ ನಂಬಿರಲಿಲ್ಲ.

"ಇಲ್ಲೇ ಇರ್ತೀನಿ. ಹಬ್ಬ ಮುಗಿಸಿ ಹೋಗ್ತೀನಿ" ಅಂದಳು ಇರ್ಮಾ. ಅನ್ನುವಾಗ ಕಣ್ಣು ಪೆಟ್ಟಿಗೆಯ ಮೇಲಿತ್ತು. ಅವಳಿಗೆ ಅದು ಗೊತ್ತಿಲ್ಲ, ನನಗೆ ಕಂಡಿತು.

"ಹೋಗು" ಅಂದೆ.

"ನೀನೂ ಬಾ. ಹೋಟೆಲ್ ಕೋಣೇಲಿ ಒಂದು ಮಡಚೋ ಮಂಚ ಹಾಕಿಸ್ತೀನಿ."

"ಮಡಚೋ ಮಂಚದ ಮೇಲೆ ಮಲಗಿದ್ರೆ ಬೆನ್ನು ನೋಯುತ್ತೆ" ಅಂದೆ. ನಕ್ಕಳು. ತಮಾಷೆಯ ಮಾತಲ್ಲ. ನಾರ್ಬರ್ಟ್ ಸ್ನೇಹಿತರ ಮೇಜಿನ ತುದಿಯಲ್ಲಿ ಕೂತ ತಂಗಿಯಾಗುವುದು ನನ್ನ ಕೈಯಲ್ಲಿ ಆಗದು. ಮುಂದಿನ ಚಳಿಗಾಲಕ್ಕೆ ಬರುತ್ತೇನೆ, ಹಸಿರು ಪರದೆಯ ಕೋಣೆಗೆ, ಅಂದೆ. ಮುಖ ಕೆಂಪಾಯಿತು ಅವಳಿಗೆ. "ಖಂಡಿತ" ಅಂದಳು.

ಲಿಫ್ಟ್ ಮತ್ತೆ ಕೆಟ್ಟಿದೆ. ಪೆಟ್ಟಿಗೆ ನಾನೇ ಇಳಿಸಿದೆ. ಆರು ವಾರದ ಬಟ್ಟೆ ತುಂಬಿದ ಪೆಟ್ಟಿಗೆ, ಭಾರ ಏನೂ ಕಡಿಮೆ ಇರಲಿಲ್ಲ. ಇರ್ಮಾ ಹಿಂದಿನಿಂದ "ನಿಧಾನ, ನಿಧಾನ ಕಣೇ" ಅನ್ನುತ್ತಲೇ ಇದ್ದಳು. ನುಸ್‌ಬೌಮ್ ಬಾಗಿಲು ತೆಗೆದು ನೋಡಿದಳು. ಬಾಯಿ ತೆರೆದದ್ದು ಮುಚ್ಚಲಿಲ್ಲ.

ಬೆನ್ನು ಒಂದು ಮಾತೂ ಆಡಲಿಲ್ಲ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದೆ.

ಸೋಮವಾರ, 13 ಏಪ್ರಿಲ್, ಸಂಜೆ ಆರೂವರೆ

ಉಳಿದ ಹುಳಿಹಿಟ್ಟನ್ನು ನಿಯಮದಂತೆ ಬೆಳಿಗ್ಗೆಯೇ ಸುಟ್ಟಾಯಿತು. ಸಾರು ಒಲೆಯ ಮೇಲಿದೆ. ನುಸ್‌ಬೌಮ್‌ಳನ್ನು ಮಗ ಬಂದು ನ್ಯೂಜೆರ್ಸಿಗೆ ಕರೆದುಕೊಂಡು ಹೋದ. ಕೆಳಗೆ ಬೀದಿಯಲ್ಲಿ ಎಲ್ಲರೂ ಹೊಸ ಬಟ್ಟೆ ತೊಟ್ಟು ಯಾರ ಮನೆಗೋ ಅವಸರದಲ್ಲಿದ್ದಾರೆ.

ಗುರುವಾರದಿಂದ ನೋವು. ಅದೇ ಜಾಗ, ಅದೇ ಚಳುಕು. ಸ್ನಾನದ ತೊಟ್ಟಿಯಿಂದ ಏಳಲು ಎರಡು ಸಲ ಪ್ರಯತ್ನಪಡಬೇಕಾಯಿತು. ಸರ್ಜನ್ನಿಗೆ ಗೊತ್ತಾದರೆ ನಾನು ಹೇಳಲಿಲ್ಲವೇ ಅನ್ನುತ್ತಾರೆ. ಕ್ವಿನ್ಲನ್ ಕೂಡ ಅದನ್ನೇ ಅನ್ನುತ್ತಾರೆ.

ಈಗಷ್ಟೇ ಇರ್ಮಾ ಫೋನ್ ಮಾಡಿದ್ದಳು. ಭಾನುವಾರವಲ್ಲ, ದರವನ್ನೂ ನೋಡಲಿಲ್ಲ.

"ಬೆನ್ನು? ನಿಜ ಹೇಳು."

ನೋವು ಮತ್ತೆ ಬಂದಿದೆ ಅಂದರೆ ಸಾಕು, ಹಬ್ಬದ ಮರುದಿನವೇ ವಿಮಾನ ಹತ್ತುತ್ತಾಳೆ. ಈ ಸಲ ಸುಳ್ಳೂ ಅಲ್ಲ. ನಾಲಿಗೆಯ ತುದಿಗೆ ಬಂದಿತ್ತು.

"ಚೆನ್ನಾಗಿದೆ ಅಕ್ಕ."

"ಬಗ್ಗಿ ನೋಡಿದ್ಯಾ?"

"ಈಗ ಬಗ್ಗಿದ್ದೆ. ಅಂಗೈ ನೆಲಕ್ಕೆ ತಾಗ್ತು."

"ದೇವರು ದೊಡ್ಡೋನು" ಅಂದಳು. ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಫೋನ್ ಇಡಬೇಕಿತ್ತು. ಇಡಲಿಲ್ಲ. ಹೋಟೆಲಿನ ಸಾರು ನೀರು ನೀರಂತೆ. ಕಡಲು ಮೊದಲ ವಾರ ಚೆನ್ನ, ಆಮೇಲೆ ಬೇಜಾರಂತೆ. ನಾರ್ಬರ್ಟ್ ಗೊರಕೆ ಹೊಡೆದರೆ ಅವಳು ಎದ್ದುಹೋಗಿ ಬಾತ್‌ರೂಮಿನಲ್ಲಿ ಕೂತು ಓದುತ್ತಾಳಂತೆ. ಒಂದೊಂದು ಸಲ ನಿದ್ದೆಗಣ್ಣಲ್ಲಿ "ಟ್ರೂಡ, ಕಿಟಕಿ ಮುಚ್ಚು" ಅನ್ನುತ್ತಾಳಂತೆ, ಅವರು ನಗುತ್ತಾರಂತೆ. ಮೂರು ವರ್ಷದಲ್ಲಿ ಇದೊಂದನ್ನೂ ಹೇಳಿರಲಿಲ್ಲ. ನಾನೂ ಮಾತಾಡಿದೆ. ಬೆನ್ನಿನ ಸುದ್ದಿ ಮತ್ತೆ ಬರಲಿಲ್ಲ.

ಹಬ್ಬದ ಮೊದಲ ರಾತ್ರಿ "ಈ ರಾತ್ರಿ ಬೇರೆ ರಾತ್ರಿಗಳ ಹಾಗಲ್ಲ, ಯಾಕೆ?" ಅಂತ ಪ್ರಶ್ನೆ ಕೇಳುವುದು ಮನೆಯಲ್ಲಿ ಎಲ್ಲರಿಗಿಂತ ಕಿರಿಯರ ಕೆಲಸ. ಐವತ್ತೊಂಬತ್ತಾದರೂ ನಮ್ಮ ಮನೆಯಲ್ಲಿ ಅದು ನಾನೇ. ಒಬ್ಬರೇ ಇದ್ದರೆ ತಾವೇ ಕೇಳಿ ತಾವೇ ಉತ್ತರ ಹೇಳಿಕೊಳ್ಳಬೇಕು, ಹಾಗೇ ನಿಯಮ. ಗಟ್ಟಿಯಾಗಿ ಕೇಳುತ್ತೇನೆ.

ಹೊತ್ತು ಮುಳುಗುತ್ತಿದೆ. ದೀಪ ಹಚ್ಚಿದ ಮೇಲೆ ಪೆನ್ನು ಮುಟ್ಟುವ ಹಾಗಿಲ್ಲ. ಕುರ್ಚಿಯಲ್ಲಿ ಹೇಗೆ ಕೂತರೂ ಚುಚ್ಚುತ್ತಿದೆ. ಕ್ವಿನ್ಲನ್ ಹೇಳಿದ ಹಾಗೆ ಕೇಳಿಕೊಂಡೆ, ಯಾರ ಮೇಲೆ ಸಿಟ್ಟು ಅಂತ. ಇರ್ಮಾಳ ಮೇಲೆ ಹುಡುಕಿದೆ. ನಾರ್ಬರ್ಟ್ ಮೇಲೂ ಹುಡುಕಿದೆ. ಎಲ್ಲ ಮೂಲೆಯನ್ನೂ ನೋಡಿದೆ. ಸಿಟ್ಟಿಲ್ಲ. ಈ ಸಲ ನಿಜವಾಗಿಯೂ ಸಿಟ್ಟಿಲ್ಲ. ಬರೀ ಪಕ್ಕದ ಕೋಣೆ ಖಾಲಿ. ದೀಪದ ಹೊತ್ತಾಯಿತು—